ನಾಣ್ಯದ ಜೊತೆಗಿರುವ ಹಳೇ ಕವರು, ಚೀಟಿ: ಬಿಡಿಸುವ, ಓದುವ, ಕಾಪಾಡುವ ಕ್ರಮ

ಹಳೇ ನಾಣ್ಯಗಳ ಡಬ್ಬಿ ಕೈಗೆ ಬಂದ ಕೂಡಲೇ ಬಹುತೇಕರು ಮಾಡುವ ಮೊದಲ ಕೆಲಸವೆಂದರೆ ಕವರುಗಳನ್ನು ಬಿಚ್ಚಿ ನಾಣ್ಯಗಳನ್ನು ತಟ್ಟೆಗೆ ಸುರಿದು, ಕಾಗದವನ್ನು ಕಸಕ್ಕೆ ಹಾಕುವುದು. ಆ ನಷ್ಟವನ್ನು ಆಮೇಲೆ ಎಷ್ಟು ದುಡ್ಡು ಕೊಟ್ಟರೂ ತುಂಬಿಕೊಳ್ಳಲಾಗದು. ಟಿಪ್ಪುವಿನ ಒಂದು ಆನೆ ಕಾಸು ಇನ್ನೊಂದರಂತೆಯೇ ಕಾಣಬಹುದು. ಆದರೆ ಅದು ಯಾರ ಸಂಗ್ರಹದಲ್ಲಿತ್ತು, ಯಾವ ಊರಲ್ಲಿ ಸಿಕ್ಕಿತು, ಯಾವಾಗ ಕೈ ಬದಲಾಯಿತು ಎಂಬುದು ಉಳಿದಿರುವುದು ಎರಡಂಗುಲದ ಆ ಕಾಗದದ ಮೇಲೆ ಮಾತ್ರ. ಹೊಲಕ್ಕೆ ಪಹಣಿ ಇದ್ದಂತೆ ನಾಣ್ಯಕ್ಕೆ ಅದು.

ತೊಡಕು ಇರುವುದು ಇಲ್ಲಿ: ಹಳೇ ಕಾಗದದ ಹುಳಿ ಮತ್ತು ಗಂಧಕ ನಾಣ್ಯವನ್ನು ಕೆಡಿಸುತ್ತವೆ, ನಾಣ್ಯದ ಕಿಲುಬು ಕಾಗದವನ್ನು ತಿನ್ನುತ್ತದೆ. ಹಾಗಾಗಿ ಎರಡನ್ನೂ ಬೇರೆ ಮಾಡಲೇಬೇಕು, ಆದರೆ ಯಾವುದಕ್ಕೆ ಯಾವುದು ಎಂಬ ನಂಟು ಒಂದು ಕ್ಷಣವೂ ತಪ್ಪಬಾರದು. ಕೆಳಗಿನ ಕ್ರಮವೆಲ್ಲ ಇದಕ್ಕಾಗಿಯೇ.

ಮೇಜಿನ ಮೇಲೆ ಇರಬೇಕಾದ್ದು

0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಪ್ಲಾಸ್ಟಿಕ್ಕಿನ ವರ್ನಿಯರ್ ಕ್ಯಾಲಿಪರ್ (ಕಬ್ಬಿಣದ್ದು ಬೇಡ, ಚಿನ್ನ ಬೆಳ್ಳಿಗೆ ಗೀರು ಬೀಳುತ್ತದೆ), ಅಕ್ಕಸಾಲಿಗರು ಬಳಸುವ 10 ಪಟ್ಟಿನ ಭೂತಗನ್ನಡಿ, 365 ನ್ಯಾನೊಮೀಟರ್‌ನ ಅತಿನೇರಳೆ ಟಾರ್ಚ್, ಎಚ್‌ಬಿ ಪೆನ್ಸಿಲ್, ಮೊಬೈಲ್ ನಿಲ್ಲಿಸಲು ಸ್ಟ್ಯಾಂಡ್, ಮೆತ್ತನೆ ಬಟ್ಟೆ ಹಾಸಿದ ಅಂಚಿರುವ ತಟ್ಟೆ. ಅಂಚು ಮುಖ್ಯ. ಕಂಠೀರಾಯಿ ಹಣ ಎಂಬ ಮೈಸೂರಿನ ಪುಟ್ಟ ಚಿನ್ನದ ನಾಣ್ಯ ತೂಗುವುದು 0.35 ಗ್ರಾಂ ಆಸುಪಾಸು. ಕೈಜಾರಿ ನೆಲಕ್ಕೆ ಬಿದ್ದು ಹಾಸುಗಲ್ಲಿನ ಸಂದಿ ಸೇರಿದರೆ ಹುಡುಕುವುದು ಕಷ್ಟ. ಫ್ಯಾನ್ ಆರಿಸಿ ಕೂತುಕೊಳ್ಳಿ.

ಮೊದಲ ಹೆಜ್ಜೆ: ಮುಟ್ಟುವ ಮುನ್ನ ಫೋಟೊ

ಡಬ್ಬಿ ಹೇಗಿದೆಯೋ ಹಾಗೇ ಮೇಲಿನಿಂದ ಒಂದು ಫೋಟೊ. ಕವರುಗಳು ಜೋಡಿಸಿಟ್ಟ ಸಾಲಿಗೂ ಅರ್ಥವಿರುತ್ತದೆ. ಒಂದು ಸಾಲು ಪೂರ್ತಿ ಒಂದೇ ಟಂಕಸಾಲೆಯದಾಗಿರಬಹುದು, ಅಥವಾ ಒಂದೇ ದಿನ ಕೊಂಡ ರಾಶಿಯಾಗಿರಬಹುದು. ಒಂದು ಕವರಿನ ಚೀಟಿ ಕಳೆದುಹೋಗಿದ್ದರೆ ಅಕ್ಕಪಕ್ಕದ್ದು ಸುಳಿವು ಕೊಡುತ್ತದೆ.

ಆಮೇಲೆ ಒಂದೊಂದೇ ಕವರು ತೆಗೆಯಿರಿ. ಮೇಜಿನ ಮೇಲೆ ಎರಡು ಕವರು ಒಟ್ಟಿಗೆ ತೆರೆದಿರಬಾರದು. ಈ ಒಂದು ನಿಯಮ ಮುರಿದಲ್ಲೇ ಅರ್ಧಕ್ಕರ್ಧ ಅದಲುಬದಲು ನಡೆಯುವುದು. ಪ್ರತಿಯೊಂದಕ್ಕೂ ಒಂದು ತಾತ್ಕಾಲಿಕ ಸಂಖ್ಯೆ ಕೊಡಿ: 001, 002 ಹೀಗೆ. ಸಂಖ್ಯೆ ಬರೆಯಬೇಕಾದ್ದು ಹೊಸ ತೋಳುಚೀಲದ (ಕಾಗದ ತೂರಿಸಿಡುವ ಪ್ಲಾಸ್ಟಿಕ್ ಕವಚದ) ಮೇಲೆ. ಹಳೇ ಕವರಿನ ಮೇಲೆ ಪೆನ್ನು, ಸ್ಟಿಕ್ಕರ್, ರಬ್ಬರ್ ಸ್ಟ್ಯಾಂಪು ಯಾವುದೂ ಬೇಡ.

ಫೋಟೊ ಆರು ಕೋನ: ಕವರಿನ ಮುಂಬದಿ, ಹಿಂಬದಿ, ಮಡಿಕೆಯ ಒಳಭಾಗ, ಚೀಟಿಯ ಎರಡೂ ಬದಿ, ಕೊನೆಗೆ ಕವರು, ಚೀಟಿ, ನಾಣ್ಯ ಮೂರೂ ಒಂದೇ ಚೌಕಟ್ಟಿನಲ್ಲಿ, ಪಕ್ಕದಲ್ಲಿ ಮಿಲಿಮೀಟರ್ ಸ್ಕೇಲು. ಆ ಕೊನೆಯ ಫೋಟೊವೇ ಮುಂದೆ ದಾಖಲೆ. ಸ್ಕ್ಯಾನರ್ ಇದ್ದರೆ ಕಾಗದವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಮಾಸಿದ ಪೆನ್ಸಿಲ್ ಬರಹ ಪರದೆಯ ಮೇಲೆ ಹಿಗ್ಗಿಸಿದಾಗ ಎಷ್ಟೋ ಸಲ ಓದಲು ಬರುತ್ತದೆ.

ನಾಣ್ಯ ಹೊರಬಂದ ಮೇಲೆ ಖಾಲಿ ಕವರನ್ನು ಬೆಳಕಿಗೆ ಹಿಡಿದು ಅಂಟಿನ ಹೊಲಿಗೆ, ಕೆಳಮೂಲೆ ನೋಡಿ. ಚಿಕ್ಕ ಹಣಗಳು ಸಿಕ್ಕಿಕೊಳ್ಳುವುದು ಅಲ್ಲೇ. ದುಂಡಗೆ ಕತ್ತರಿಸಿದ ಎರಡನೇ ಚೀಟಿಯೂ ಅಲ್ಲಿ ಅಂಟಿಕೊಂಡಿರಬಹುದು. ದುಂಡು ಚೀಟಿಯೆಂದರೆ ಆ ನಾಣ್ಯ ಹಿಂದೆ ಗುಂಡಿಗಳಿರುವ ಮರದ ಹಲಗೆಯ ಕಪಾಟಿನಲ್ಲಿತ್ತು, ನಾಣ್ಯದ ಕೆಳಗೆ ಚೀಟಿ ಇಡುತ್ತಿದ್ದರು ಎಂದರ್ಥ.

ಎರಡನೇ ಹೆಜ್ಜೆ: ಅಂಟಿಕೊಂಡದ್ದನ್ನು ಬಿಡಿಸುವುದು

ಸ್ಟೇಪ್ಲರ್ ಪಿನ್ ಹಾಕಿದ ಚೌಕ ರಟ್ಟಿನ ಹೋಲ್ಡರ್ ಇದ್ದರೆ ರಟ್ಟನ್ನು ಎಳೆದು ಬಿಚ್ಚಬೇಡಿ. ತುಕ್ಕು ಹಿಡಿದ ಪಿನ್ನಿನ ಕಾಲು ನಾಣ್ಯದ ಮೇಲೆ ಹಾದರೆ ಆ ಗೀರು ಶಾಶ್ವತ. ಪಿನ್ನಿನ ಹಿಂದಿನ ಎರಡು ಕಾಲುಗಳನ್ನು ತೆಳು ಅಲಗಿನಿಂದ ನೇರ ಮಾಡಿ, ಅಲಗಿನ ಕೆಳಗೆ ಪ್ಲಾಸ್ಟಿಕ್ ಹಾಳೆಯ ತುಂಡು ಇಟ್ಟುಕೊಂಡು, ಮುಂದಿನಿಂದ ನೆಟ್ಟಗೆ ಎತ್ತಿ ತೆಗೆಯಿರಿ.

ಮೆತ್ತನೆಯ, ಒಂದು ಬಗೆ ರೆಕ್ಸಿನ್ ವಾಸನೆ ಬರುವ ಹಳೇ ಪ್ಲಾಸ್ಟಿಕ್ ಚೀಲಗಳು ಪಿವಿಸಿ. ಅದರಲ್ಲಿ ಬೆರೆಸಿದ ಮೆದುಕಾರಕ ಎಣ್ಣೆ ವರ್ಷಗಳ ಮೇಲೆ ಒಸರುತ್ತದೆ, ಪ್ಲಾಸ್ಟಿಕ್ಕು ಒಡೆದಾಗ ಹೈಡ್ರೊಕ್ಲೋರಿಕ್ ಆಮ್ಲ ಹುಟ್ಟುತ್ತದೆ. ತಾಮ್ರದ ಮೇಲೆ, ತಾಮ್ರ ಬೆರೆತ ಬೆಳ್ಳಿಯ ಮೇಲೆ ಕಾಣುವ ಅಂಟಂಟು ಹಸಿರು ಪದರ ಅದರಿಂದಲೇ. ಚೀಲವನ್ನು ಕತ್ತರಿಯಿಂದ ಎರಡು ಬದಿ ಸೀಳಿ ತೆರೆಯಿರಿ. ನಾಣ್ಯವನ್ನು ಮಾತ್ರ ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನಿನಲ್ಲಿ 5ರಿಂದ 10 ನಿಮಿಷ ಇಟ್ಟು, ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿ, ಉಜ್ಜದೆ ಆರಲು ಬಿಡಿ. ಕಿಟಕಿ ತೆರೆದಿರಲಿ, ದೀಪ, ಊದುಬತ್ತಿ, ಸ್ಟವ್ ಹತ್ತಿರ ಇರಬಾರದು. ಉಗುರುಬಣ್ಣ ತೆಗೆಯುವ ದ್ರಾವಣ ಇದಕ್ಕೆ ಬದಲಿಯಲ್ಲ, ಅದರಲ್ಲಿ ಎಣ್ಣೆ, ಸುವಾಸನೆ ಸೇರಿರುತ್ತದೆ. ಚೀಟಿಗೆ ಅಸಿಟೋನ್ ಸೋಕಿದರೆ ಬಾಲ್‌ಪೆನ್ನಿನ ಬರಹ ಅಲ್ಲೇ ಹರಡಿಹೋಗುತ್ತದೆ.

ಕಿಲುಬಿನಿಂದ ಕಾಗದ ನಾಣ್ಯಕ್ಕೆ ಹತ್ತಿಕೊಂಡಿದ್ದರೆ ನೀರು ಹಾಕಿ ನೆನೆಸುವ ಯೋಚನೆ ಬರುತ್ತದೆ. ಬೇಡ. ಹಳೇ ಕರಿಶಾಯಿ ಕಬ್ಬಿಣದ ಉಪ್ಪು ಮತ್ತು ಮಾಯಿಕಾಯಿಯಿಂದ ಮಾಡಿದ್ದಾಗಿದ್ದರೆ ನೀರು ತಾಗಿದಲ್ಲಿ ಕಂದು ವರ್ತುಲ ಹಬ್ಬುತ್ತದೆ. ತೆಳು ಪಾಲಿಯೆಸ್ಟರ್ ಹಾಳೆಯ ಪಟ್ಟಿಯನ್ನು ಮೆಲ್ಲಗೆ ಸಂದಿಗೆ ತೂರಿಸಿ. ಬರಹವಿಲ್ಲದ ಜಾಗವಾಗಿದ್ದರೆ ಸುತ್ತಲಿನ ಕಾಗದ ಕತ್ತರಿಸಿ ಆ ಚೂರನ್ನು ನಾಣ್ಯದ ಮೇಲೆ ಬಿಟ್ಟರೂ ತಪ್ಪಿಲ್ಲ. ಕಂದುಗಟ್ಟಿದ ಸೆಲೋಟೇಪು ಚೀಟಿಯ ಮೇಲಿದ್ದರೆ ಅದನ್ನೂ ಹಾಗೇ ಬಿಡಿ. ಟೇಪಿನ ಜೊತೆ ಶಾಯಿಯೂ ಎದ್ದು ಬರುತ್ತದೆ.

ಹುಣಸೆಹಣ್ಣಿನ ಮಾತು ಹೇಳಲೇಬೇಕು. ತಾಮ್ರದ ಚೊಂಬು ಬೆಳಗಿದ ಹಾಗೆ ನಾಣ್ಯ ಬೆಳಗಿದರೆ ಮೇಲ್ಮೈಯ ಹಳೇ ಬಣ್ಣದ ಜೊತೆ ತೂಕವೂ ಹೋಗುತ್ತದೆ, ಆಮೇಲೆ ಚೀಟಿಯಲ್ಲಿ ಬರೆದ ತೂಕಕ್ಕೂ ನಾಣ್ಯಕ್ಕೂ ತಾಳೆಯಾಗುವುದಿಲ್ಲ.

ಮೂರನೇ ಹೆಜ್ಜೆ: ಈ ಚೀಟಿ ಈ ನಾಣ್ಯದ್ದೇ?

ಡಬ್ಬಿ ಎರಡು ಮೂರು ತಲೆಮಾರು ಕೈ ದಾಟಿದ್ದರೆ ಯಾರೋ ಒಮ್ಮೆ ಎಲ್ಲವನ್ನೂ ಹೊರತೆಗೆದು ಅಂದಾಜಿಗೆ ವಾಪಸ್ ತುಂಬಿರುವ ಸಾಧ್ಯತೆ ಇದ್ದೇ ಇದೆ. ಪರೀಕ್ಷಿಸಲು ತೂಕವೇ ಮೊದಲ ಸಾಕ್ಷಿ.

ಚೀಟಿಯಲ್ಲಿ ಬರೀ ಒಂದು ಅಂಕಿ ಇರುತ್ತದೆ, ಮಾನ ಇರುವುದಿಲ್ಲ. "174" ಎಂದಿದ್ದರೆ ಅದು ಗ್ರೇನ್, ಬ್ರಿಟಿಷರ ಹಳೇ ತೂಕದ ಮಾನ. ಒಂದು ಗ್ರೇನಿಗೆ 0.0648 ಗ್ರಾಂ, ಅಂದರೆ 11.27 ಗ್ರಾಂ, ಟಿಪ್ಪುವಿನ ಪೈಸೆಗೆ ಒಪ್ಪುವ ತೂಕ. "52½" ಎಂದಿದ್ದರೆ 3.40 ಗ್ರಾಂ, ವರಾಹವೆಂಬ ಚಿನ್ನದ ನಾಣ್ಯ. "5½" ಎಂದರೆ 0.36 ಗ್ರಾಂ, ಹಣ. ತೊಲದಲ್ಲಿ ಬರೆದಿದ್ದರೆ ಒಂದು ತೊಲಕ್ಕೆ 180 ಗ್ರೇನ್, 11.66 ಗ್ರಾಂ.

ವ್ಯತ್ಯಾಸ 0.05 ಗ್ರಾಮಿನೊಳಗಿದ್ದರೆ ಹಳೇ ತಕ್ಕಡಿಯ ಲೆಕ್ಕ ಎಂದು ಬಿಡಬಹುದು. ನಾಣ್ಯ ಈಗ ಹಗುರವಾಗಿದ್ದರೆ ನಡುವೆ ಯಾರೋ ತೊಳೆದಿರಬಹುದು. ಡಬ್ಬಿಯೊಳಗೆ ಕೂತ ನಾಣ್ಯ ತಾನಾಗಿ ಸವೆಯುವುದಿಲ್ಲ. ಈಗ ಗಮನಾರ್ಹವಾಗಿ ಹೆಚ್ಚು ತೂಗಿದರೆ ಬೇರೆ ನಾಣ್ಯವೆಂದೇ ಅನುಮಾನಿಸಿ.

ಎರಡನೇ ಸಾಕ್ಷಿ ಕವರಿನೊಳಗಿನ ಗುರುತು. ದಶಕಗಟ್ಟಲೆ ಒಂದೇ ಕಡೆ ಕೂತ ತಾಮ್ರ ಕಾಗದದ ಮೇಲೆ ತನ್ನ ಅಳತೆಯ ಹಸಿರು ಅಥವಾ ಕಂದು ಉಂಗುರ ಬಿಟ್ಟಿರುತ್ತದೆ. ಉಂಗುರದ ವ್ಯಾಸವನ್ನು ನಾಣ್ಯದ ವ್ಯಾಸದ ಜೊತೆ ಹೋಲಿಸಿ. 23 ಮಿಮೀ ಉಂಗುರದ ಕವರಿನಲ್ಲಿ 18 ಮಿಮೀ ನಾಣ್ಯ ಇದ್ದರೆ ಅದು ಅಲ್ಲಿಯದಲ್ಲ. ಬೆಳ್ಳಿ ನಾಣ್ಯವಿದ್ದ ಕವರಿನಲ್ಲಿ ಹಸಿರು ಕಲೆ ದಟ್ಟವಾಗಿದ್ದರೂ ಅಷ್ಟೇ.

ತಾಳೆಯಾಗದಿದ್ದರೆ ಚೀಟಿ ಎಸೆಯಬೇಡಿ, ಸರಿಯಾದ ಜೋಡಿ ಎಂದು ನೀವೇ ತೀರ್ಮಾನಿಸಿ ಹೊಂದಿಸಲೂ ಬೇಡಿ. "ಸಿಕ್ಕಾಗ ಹೀಗೆ ಇತ್ತು, ತೂಕ ಒಪ್ಪುತ್ತಿಲ್ಲ" ಎಂದು ದಾಖಲಿಸಿ ಮುಂದೆ ಹೋಗಿ.

ನಾಲ್ಕನೇ ಹೆಜ್ಜೆ: ಓದುವುದು

ನಮ್ಮ ಭಾಗದ ಚೀಟಿಗಳಲ್ಲಿ ಕನ್ನಡ, ಇಂಗ್ಲಿಷ್, ಉರ್ದು ಮೂರೂ ಬೆರೆತಿರುತ್ತವೆ. ಲೋಹಕ್ಕೆ ಲ್ಯಾಟಿನ್ ಸಂಕ್ಷೇಪ: ಎವಿ ಚಿನ್ನ, ಎಆರ್ ಬೆಳ್ಳಿ, ಎಇ ತಾಮ್ರ ಅಥವಾ ಕಂಚು, ಪಿಬಿ ಸೀಸ. ಪಗೋಡ ಎಂದರೆ ವರಾಹ, ಫನಮ್ ಎಂದರೆ ಹಣ, ಕ್ಯಾಶ್ ಎಂದರೆ ಕಾಸು. "ಕ್ಯಾಂಟರಾಯ್ ಫನಮ್" ನಮ್ಮ ಕಂಠೀರಾಯಿ ಹಣವೇ. "ಬಹಾದುರಿ ಪಗೋಡ" ಹೈದರನದು: ಒಂದು ಕಡೆ ಶಿವ ಪಾರ್ವತಿ, ಇನ್ನೊಂದು ಕಡೆ ಅವನ ಹೆಸರಿನ ಮೊದಲಕ್ಷರ. ಟಿಪ್ಪು ತನ್ನ ತಾಮ್ರದ ನಾಣ್ಯಗಳಿಗೆ ಗ್ರಹ ನಕ್ಷತ್ರಗಳ ಹೆಸರಿಟ್ಟಿದ್ದ. ಆದ್ದರಿಂದ ಚೀಟಿಯಲ್ಲಿ ಜೊಹರಾ ಎಂದಿದ್ದರೆ ಪೈಸೆ, ಬಹ್ರಾಮ್ ಅರ್ಧ ಪೈಸೆ, ಅಖ್ತರ್ ಕಾಲು, ಕುತ್ಬ್ ಅರೆಕಾಲು.

ಟಂಕಸಾಲೆಯ ಹೆಸರುಗಳಲ್ಲಿ ಹೊಸಬರು ಎಡವುತ್ತಾರೆ. "ಪಟನ್" ಶ್ರೀರಂಗಪಟ್ಟಣ. "ನಜರ್‌ಬಾರ್" ಮೈಸೂರು. "ನಗರ್" ಬಿದನೂರು. ಫರ್ರುಖ್‌ಯಾಬ್ ಹಿಸಾರ್ ಚಿತ್ರದುರ್ಗ, ಖುರ್ಷೀದ್ ಸವಾದ್ ಧಾರವಾಡ, ಫೈಜ್ ಹಿಸಾರ್ ಗುತ್ತಿ. ಟಂಕಸಾಲೆ ಬೇರೆ, ನಾಣ್ಯ ಸಿಕ್ಕ ಊರು ಬೇರೆ. ಚೀಟಿಯ ತುದಿಯಲ್ಲಿ "ಫ್ರೆಂಚ್ ರಾಕ್ಸ್" ಎಂದಿದ್ದರೆ ಅದು ಇಂದಿನ ಪಾಂಡವಪುರ, ಸಿಕ್ಕ ಅಥವಾ ಕೊಂಡ ಜಾಗ.

ಇಸವಿಯ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಟಿಪ್ಪು ಮೊದಲ ವರ್ಷಗಳಲ್ಲಿ ಹಿಜರಿ ಶಕ ಹಾಕಿಸಿದ. ಆಮೇಲೆ ಪ್ರವಾದಿಯ ಹುಟ್ಟಿನಿಂದ ಎಣಿಸುವ ಮೌಲೂದಿ ಶಕ ಬಂತು, ಆ ಶಕದ 1215ರಿಂದ, ಅಂದರೆ ಕ್ರಿ.ಶ. 1787ರಿಂದ. ಮೌಲೂದಿ ಅಂಕಿಗಳನ್ನು ಬಲದಿಂದ ಎಡಕ್ಕೆ ಕೂರಿಸಿದ್ದಾರೆ. ಹಾಗಾಗಿ ನಾಣ್ಯದ ಮೇಲೆ ಕಂಡಂತೆ ಬರೆದುಕೊಂಡ ಸಂಗ್ರಾಹಕನ ಚೀಟಿಯಲ್ಲಿ "8121" ಎಂಬ ವಿಚಿತ್ರ ಅಂಕಿ ಇರುತ್ತದೆ. ಅದು 1218. ಮೌಲೂದಿಗೆ 572 ಕೂಡಿದರೆ ಆ ವರ್ಷ ಆರಂಭವಾದ ಇಸವಿ ಸಿಗುತ್ತದೆ: 1790. ಇದನ್ನೇ ಹಿಜರಿ ಎಂದು ಎಣಿಸಿದವರು 1803 ಎಂದು ಬರೆದಿರುತ್ತಾರೆ. ಟಿಪ್ಪು ಸತ್ತದ್ದು 1799ರಲ್ಲಿ. ಇಂಥ ಅಸಂಗತ ಇಸವಿ ಕಂಡರೆ ಚೀಟಿ ನಕಲಿ ಎಂದುಕೊಳ್ಳಬೇಡಿ, ಬರೆದವರ ಲೆಕ್ಕ ತಪ್ಪಿದೆ ಅಷ್ಟೆ. ಅದೇ ತಪ್ಪಿನಿಂದ ಕೆಲವು ಪೈಸೆಗಳು ಮುಮ್ಮಡಿ ಕೃಷ್ಣರಾಜರ ಕವರಿನಲ್ಲಿ ಸೇರಿರುತ್ತವೆ, ಅವರ ಕಾಸುಗಳ ಮೇಲೂ ಆನೆ ಇರುವುದರಿಂದ. ಹಿಂಬದಿ ತಿರುಗಿಸಿ. ಪಾರಸಿ ಬರಹವಿದ್ದರೆ ಟಿಪ್ಪು; ಕನ್ನಡದಲ್ಲಿ "ಮಯಿಲಿ ಕಾಸು" ಎಂದು ಅಂಕಿಯೊಡನೆ ಇದ್ದರೆ ಮುಮ್ಮಡಿಯವರದು.

ಮೂಲೆಯಲ್ಲಿ ಎರಡು ಮೂರು ಅರ್ಥವಿಲ್ಲದ ಅಕ್ಷರಗಳಿದ್ದರೆ ಅದು ವ್ಯಾಪಾರಿಯ ಅಸಲು ಬೆಲೆಯ ಗುಟ್ಟು. ಅಕ್ಷರ ಮರುಕಳಿಸದ ಹತ್ತಕ್ಷರದ ಪದವೊಂದನ್ನು ಹಿಡಿದು, ಒಂದರಿಂದ ಸೊನ್ನೆವರೆಗೆ ಒಂದೊಂದು ಅಕ್ಷರ ಕೊಟ್ಟಿರುತ್ತಾರೆ. ಒಂದೇ ಕೈಬರಹದ ಹತ್ತಾರು ಚೀಟಿಗಳಿದ್ದು, ಕೆಲವದರಲ್ಲಿ ಬೆಲೆಯೂ ಇದ್ದರೆ ಬಿಡಿಸಬಹುದು. ಇಲ್ಲದಿದ್ದರೆ ಹಾಗೇ ನಕಲು ಮಾಡಿಕೊಂಡು ಬಿಡಿ.

ಐದನೇ ಹೆಜ್ಜೆ: ಚೀಟಿಗೆ ಎಷ್ಟು ವಯಸ್ಸು?

ಸುಳಿವುಗಳು ಎರಡು ಬಗೆ: "ಇದಕ್ಕಿಂತ ಹಳೆಯದಲ್ಲ" ಎನ್ನುವುದು, "ಬಹುಶಃ ಇದಕ್ಕಿಂತ ಹೊಸದಲ್ಲ" ಎನ್ನುವುದು.

ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದು ಎನ್ನಬಹುದು, ಆದರೂ ವಯಸ್ಸಾದವರು ಆಮೇಲೂ ಕೆಲಕಾಲ ಆಣೆಯಲ್ಲೇ ಬರೆದಿರುತ್ತಾರೆ. "ನಯಾ ಪೈಸೆ" ಇದ್ದರೆ 1957ರಿಂದ 1964ರ ಆಸುಪಾಸು. "ಮಂಡ್ಯ ಜಿಲ್ಲೆ" ಎಂದಿದ್ದರೆ 1939ಕ್ಕಿಂತ ಹಳೆಯದಲ್ಲ. ಅಲ್ಲಿಯವರೆಗೆ ಶ್ರೀರಂಗಪಟ್ಟಣ ಮೈಸೂರು ಜಿಲ್ಲೆಯಲ್ಲಿತ್ತು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ಆದಮೇಲೆ. ರಾಜ್ಯದ ಹೆಸರು ಕರ್ನಾಟಕ ಎಂದಿದ್ದರೆ 1973ರ ನವೆಂಬರ್ ಆದಮೇಲೆ. "ಹೆಂಡರ್ಸನ್" ಎಂದು ಸಂಖ್ಯೆ ಕೊಟ್ಟಿದ್ದರೆ ಹೈದರ್ ಟಿಪ್ಪು ನಾಣ್ಯಗಳ ಆ ಪಟ್ಟಿ ಅಚ್ಚಾದದ್ದು 1921ರಲ್ಲಿ, ಅದಕ್ಕೆ ಮುಂಚೆ ಯಾರೂ ಹಾಗೆ ಬರೆದಿರಲಾರರು. "ಕೆಎಂ" (ಕ್ರೌಸ್ ಮತ್ತು ಮಿಷ್ಲರ್ ಅವರ ವಿಶ್ವ ನಾಣ್ಯಗಳ ಪಟ್ಟಿ) ಸಂಖ್ಯೆ 1972ರ ನಂತರದ್ದು.

ಅತಿನೇರಳೆ ಟಾರ್ಚನ್ನು ಕತ್ತಲೆಯಲ್ಲಿ ಹಿಡಿಯಿರಿ. ಕಾಗದ ನೀಲಿಬಿಳಿಯಾಗಿ ಹೊಳೆದರೆ ಅದರಲ್ಲಿ ಹೊಳಪುಕಾರಕ ಬೆರೆತಿದೆ, ಅಂದರೆ ಸುಮಾರು 1950ರ ಈಚಿನದು. ಮಂಕಾಗಿ ಹಳದಿಯಾಗಿ ಕಂಡರೆ ಹಳೆಯದಿರಬಹುದು. ಆದರೆ ಇಂದಿಗೂ ಹೊಳಪುಕಾರಕವಿಲ್ಲದ ಕಾಗದ ಸಿಗುತ್ತದೆ, ಆದ್ದರಿಂದ ಮಂಕು ಎಂಬುದು ಪುರಾವೆಯಲ್ಲ.

ಎಲ್ಲಕ್ಕಿಂತ ಸೊಗಸಾದ ಸುಳಿವು ಚೀಟಿಯ ಬೆನ್ನು. ಮಿತವ್ಯಯಿ ಸಂಗ್ರಾಹಕರು ಲಗ್ನಪತ್ರಿಕೆ, ಕ್ಯಾಲೆಂಡರ್, ಪೋಸ್ಟ್‌ಕಾರ್ಡ್ ಕತ್ತರಿಸಿ ಚೀಟಿ ಮಾಡುತ್ತಿದ್ದರು. ಹಿಂಬದಿಯಲ್ಲಿ "ಪರಾಭವ ಸಂವತ್ಸರದ ವೈಶಾಖ" ಎಂಬ ತುಂಡು ಉಳಿದಿದ್ದರೆ ಅದು 1966 ಅಥವಾ 1906. ಅಚ್ಚಿನ ಅಕ್ಷರದ ಮಾದರಿ, ಶಾಯಿ ನೋಡಿ ಎರಡರಲ್ಲಿ ಒಂದನ್ನು ಆರಿಸಬಹುದು. ನೆನಪಿಡಿ, ಕಾಗದ ಹುಟ್ಟಿದ ದಿನವೇ ಬರಹದ ದಿನವಲ್ಲ.

ಆರನೇ ಹೆಜ್ಜೆ: ದಾಖಲಿಸುವುದು

ಸ್ಪ್ರೆಡ್‌ಶೀಟಿನಲ್ಲಿ ಚೀಟಿಯ ಬರಹಕ್ಕೆ ಒಂದು ಅಂಕಣ, ನಿಮ್ಮ ಅಭಿಪ್ರಾಯಕ್ಕೆ ಇನ್ನೊಂದು. ಇವೆರಡನ್ನೂ ಬೆರೆಸಬಾರದು. ಚೀಟಿಯಲ್ಲಿ ಕಾಗುಣಿತ ತಪ್ಪಿದ್ದರೆ ತಪ್ಪನ್ನೇ ಬರೆಯಿರಿ, ಸಾಲು ಒಡೆದಲ್ಲಿ ಒಂದು ಓರೆಗೆರೆ ಹಾಕಿ. ಓದಲಾಗದ ಅಕ್ಷರಕ್ಕೆ ಚುಕ್ಕಿ. ಬೇರೆ ಬೇರೆ ಕೈಬರಹಗಳಿದ್ದರೆ "ಕೈ 1", "ಕೈ 2" ಎಂದು ಗುರುತಿಸಿ. ನೂರು ಕವರು ಮುಗಿಸುವ ಹೊತ್ತಿಗೆ ಒಬ್ಬೊಬ್ಬರ ಏಳು, ಒಂಬತ್ತು ಬರೆಯುವ ಶೈಲಿ ಮುಖಪರಿಚಯದಷ್ಟು ಗಟ್ಟಿಯಾಗುತ್ತದೆ. ಉಳಿದ ಅಂಕಣಗಳು: ತೂಕ, ವ್ಯಾಸ, ಲೋಹ, ಕವರಿನ ಅಳತೆ, ಫೋಟೊ ಸಂಖ್ಯೆ, ನಿಮಗೆ ಬಂದ ದಿನ ಮತ್ತು ಮೂಲ.

ಏಳನೇ ಹೆಜ್ಜೆ: ಹೊಸ ಮನೆ

ನಾಣ್ಯಕ್ಕೆ ಪಾಲಿಯೆಸ್ಟರ್ ಚೀಲ, ಚೀಟಿ ಮತ್ತು ಕವರಿಗೆ ಇನ್ನೊಂದು ಪಾಲಿಯೆಸ್ಟರ್ ತೋಳುಚೀಲ, ಎರಡರ ಮೇಲೂ ಒಂದೇ ಸಂಖ್ಯೆ, ಎರಡೂ ಒಂದೇ ದೊಡ್ಡ ಚೀಲದೊಳಗೆ. ಕೊಳ್ಳುವಾಗ "ಪಿವಿಸಿ ಅಲ್ಲ" ಎಂದು ಕೇಳಿ. ಮುಷ್ಟಿಯಲ್ಲಿ ಹಿಸುಕಿದರೆ ಗರಗರ ಎನ್ನುವುದು ಪಾಲಿಯೆಸ್ಟರ್, ಮೆತ್ತಗೆ ರಬ್ಬರಿನಂತೆ ಮಡಚುವುದು ಅನುಮಾನಾಸ್ಪದ. ರಬ್ಬರ್ ಬ್ಯಾಂಡ್ ಎಲ್ಲಿಯೂ ಬೇಡ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಚೀಟಿಯನ್ನು ಜೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸುವುದು ಒಳ್ಳೇ ಉದ್ದೇಶದಿಂದ ನಡೆಯುವ ದೊಡ್ಡ ಹಾನಿ. ಬಿಸಿಗೆ ಅಂಟು ಕಾಗದದ ನಾರಿನೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲು ದಾರಿಯಿಲ್ಲ.

ಸೀಸದ ನಾಣ್ಯಗಳಿಗೆ ಬೇರೆಯೇ ನಿಯಮ. ಚಂದ್ರವಳ್ಳಿ ಕಡೆಯ ಶಾತವಾಹನ ಕಾಲದ ಸೀಸದ ನಾಣ್ಯಗಳು ಹಳೇ ಸಂಗ್ರಹಗಳಲ್ಲಿ ಇರುತ್ತವೆ. ರಟ್ಟು, ಪ್ಲೈವುಡ್, ಹಸಿ ಮರ ಬಿಡುವ ಆಮ್ಲದ ಆವಿಗೆ ಸೀಸ ಬಿಳಿ ಪುಡಿಯಾಗಿ ಉದುರುತ್ತದೆ, ಆ ಪುಡಿ ವಿಷ. ಕೈಗವಸು ಹಾಕಿಯೇ ಮುಟ್ಟಿ. ಸೀಸವನ್ನು ಗಟ್ಟಿ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ, ಅದರ ಚೀಟಿಯನ್ನು ಇನ್ನೊಂದು ಡಬ್ಬಿಯಲ್ಲಿ ಇಡಿ. ಇಲ್ಲಿ ಮಾತ್ರ ಎರಡೂ ಒಂದೇ ಚೀಲದಲ್ಲಿರಬಾರದು, ಸಂಖ್ಯೆಯೇ ಕೊಂಡಿ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಮೈಸೂರಿನ ತೇವದಲ್ಲಿ ಕಾಗದಕ್ಕೆ ಬೂಷ್ಟು, ತಾಮ್ರಕ್ಕೆ ತೆಳುಹಸಿರು ಪುಡಿ ಏಳುವುದು ಬೇಗ. ಆ ಪುಡಿ ಬೆರಳಿಗೆ ಅಂಟಿ ಉದುರಿದರೆ ಕ್ಲೋರೈಡಿನ ರೋಗ. ಆ ನಾಣ್ಯವನ್ನು ಕೂಡಲೇ ಬೇರೆ ಮಾಡಿ ಆದಷ್ಟು ಒಣಗಿದ ಡಬ್ಬಿಗೆ ಹಾಕಿ. ಉಳಿದವಕ್ಕೆ ಶೇಕಡ 40ರಿಂದ 45 ತೇವಾಂಶ ಒಳ್ಳೇ ಹೊಂದಾಣಿಕೆ. ಇನ್ನೂ ಬಹಳ ಇಳಿಸಿದರೆ ಹಳೇ ಕಾಗದ ಪೆಡಸಾಗಿ ಮಡಿಕೆಯಲ್ಲಿ ಒಡೆಯುತ್ತದೆ. ಐದು ಲೀಟರಿನ ಗಾಳಿಯಾಡದ ಡಬ್ಬಿಗೆ 50 ಗ್ರಾಂ ಸಿಲಿಕಾ ಜೆಲ್, ಜೊತೆಗೆ ಒಂದು ಪುಟ್ಟ ತೇವಮಾಪಕ. ಬಣ್ಣ ಬದಲಾದಾಗ ಜೆಲ್ಲನ್ನು 110 ಡಿಗ್ರಿ ಓವನ್ನಿನಲ್ಲಿ ಎರಡು ಗಂಟೆ ಒಣಗಿಸಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುವುದರಿಂದ ಕಿತ್ತಳೆ ಬಣ್ಣದ್ದನ್ನೇ ಆರಿಸಿ. ನುಸಿಗುಳಿಗೆ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆದುಗೊಳಿಸುತ್ತದೆ. ಬೀರು ಹೊರಗೋಡೆಗೆ ಒತ್ತಿರಬಾರದು.

ನಕಲಿ ಚೀಟಿ

ಹಳೇ ಕವರಿಗೆ ಬೆಲೆ ಬಂದ ಮೇಲೆ ಹಳೇ ಕವರು ತಯಾರಿಸುವವರೂ ಬಂದಿದ್ದಾರೆ. ಟೀ ನೀರಿನಲ್ಲಿ ಅದ್ದಿದ ಕಾಗದದ ಬಣ್ಣ ಎಲ್ಲೆಡೆ ಒಂದೇ ಸಮ ಇರುತ್ತದೆ. ನಿಜವಾಗಿ ಹಳತಾದದ್ದು ಅಂಚಲ್ಲಿ, ಮಡಿಕೆಯಲ್ಲಿ ಹೆಚ್ಚು ಕಂದಾಗಿ, ಮಡಿಕೆಯ ಒಳಗೆ ತಿಳಿಯಾಗಿರುತ್ತದೆ. ಶಾಯಿ ಮಡಿಕೆಯ ಬಿರುಕಿನೊಳಗೆ ಹರಿದಿದ್ದರೆ ಮಡಚಿ ಹಳತಾದ ಮೇಲೆ ಬರೆದದ್ದು. ಪಿನ್ನಿನ ತುಕ್ಕು ಕವರಿನಲ್ಲಿದ್ದು, ಅದಕ್ಕೆ ತಾಗಿ ಕೂತಿದ್ದ ಚೀಟಿಯಲ್ಲಿ ಇಲ್ಲದಿದ್ದರೆ ಎರಡೂ ಹೊಸ ಜೋಡಿ. ಒಳಗೆ ನಾಣ್ಯದ ಉಂಗುರವೇ ಇಲ್ಲದ "ಅರವತ್ತು ವರ್ಷದ" ಕವರನ್ನು ನಂಬುವುದು ಕಷ್ಟ. ಪ್ರವಾಸಿ ತಾಣಗಳಲ್ಲಿ ಮಾರುವ ಎರಕದ ನಕಲು ಪೈಸೆಗೆ ಅಸಲಿ ಹಳೇ ಕವರು ತೊಡಿಸಿರುವುದೂ ಉಂಟು. ಆದ್ದರಿಂದ ಕವರು ಸರಿಯಿದ್ದ ಮಾತ್ರಕ್ಕೆ ನಾಣ್ಯ ಸರಿಯಾಗುವುದಿಲ್ಲ, ಅದನ್ನು ಬೇರೆಯಾಗಿಯೇ ಪರೀಕ್ಷಿಸಿ.

ಮಾರುವಾಗ, ಹಂಚುವಾಗ

ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಪ್ರಾಚ್ಯವಸ್ತು. ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ, ವಿದೇಶದಲ್ಲಿರುವ ಮಗನಿಗೆ ಅಂಚೆಯಲ್ಲಿ ಹಾಕುವುದೂ ಸೇರಿ. ನೆಲದಲ್ಲಿ ಹೊಸದಾಗಿ ಸಿಕ್ಕಿದ್ದಾದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹಳೇ ಕವರು ಇಲ್ಲೂ ನೆರವಿಗೆ ಬರುತ್ತದೆ: ನಾಣ್ಯ ಇಂದು ನಿನ್ನೆ ಅಗೆದು ತೆಗೆದದ್ದಲ್ಲ, ದಶಕಗಳಿಂದ ಸಂಗ್ರಹದಲ್ಲಿದೆ ಎನ್ನಲು ಅದೇ ಆಧಾರ.

ಅಣ್ಣತಮ್ಮಂದಿರು ಸಂಗ್ರಹ ಪಾಲು ಮಾಡಿಕೊಳ್ಳುವಾಗ ಒಂದು ಕವರಿನಲ್ಲಿ ನಾಲ್ಕು ನಾಣ್ಯ, ಒಂದೇ ಚೀಟಿ ಎದುರಾಗುತ್ತದೆ. ಚೀಟಿಯನ್ನು ಕತ್ತರಿಸಿ ಹಂಚಬೇಡಿ. ನಾಲ್ಕೂ ನಾಣ್ಯ ಮತ್ತು ಚೀಟಿ ಒಂದೇ ಚೌಕಟ್ಟಿನಲ್ಲಿರುವ ಫೋಟೊ ಪ್ರತಿಯೊಬ್ಬರಿಗೂ ಹೋಗಲಿ, ಹಿಂಬದಿಯಲ್ಲಿ ಯಾವ ನಾಣ್ಯ ಯಾರ ಪಾಲಿಗೆ ಹೋಯಿತು, ಎಂದು ಹೋಯಿತು ಎಂದು ಪೆನ್ಸಿಲಿನಲ್ಲಿ ಬರೆದಿರಲಿ. ಅಸಲು ಚೀಟಿಯನ್ನು, ಅದರಲ್ಲಿ ಬರೆದ ತೂಕಕ್ಕೆ ಹೊಂದುವ ನಾಣ್ಯ ಯಾರಿಗೆ ಹೋಗುತ್ತದೋ ಅವರಿಗೆ ಕೊಡಿ.